ಬುಟ್ಟಿ ಸೀಟು ಸಾಲ್ತಿಲ್ಲ, ಕೂಸಿಗೆ ಮುಂದಿನ ಕಾರ್ ಸೀಟು ಯಾವುದು?

ಪ್ರಶ್ನೆ, ಕಲಬುರಗಿಯಿಂದ:
ಕೂಸಿಗಿ 14 ತಿಂಗಳು. ತೂಕ 9.6 ಕೆ.ಜಿ., ಎತ್ತರ 77 ಸೆಂ.ಮೀ. ಈಗಿರೋದು ಹಿಡಿಕಿ ಇರೋ ಬುಟ್ಟಿ ಥರದ ಸೀಟು. 13 ಕೆ.ಜಿ. ತನಕ ಅಂತ ಬರದದ, ಆದ್ರ ತಲಿ ಈಗೇ ಮ್ಯಾಲಿನ ಅಂಚಿಗಿ ಬಂದದ. ಕಾರು 2016ರ ಸಣ್ಣ ಹ್ಯಾಚ್‌ಬ್ಯಾಕ್. ತಿಂಗಳಿಗೊಮ್ಮೆ ಹುಮನಾಬಾದ್ ಮ್ಯಾಲಿಂದ ಹೈದರಾಬಾದಕ ಹೋಗೋದಿರ್ತದ. ಅಂಗಡಿಯವರು 0ರಿಂದ 36 ಕೆ.ಜಿ.ದು ಒಂದೇ ಸೀಟು ತಗೋರಿ, 12 ವರ್ಷ ಚಿಂತಿಲ್ಲ ಅಂತಾರ. ಮನ್ಯಾಗ ದೊಡ್ಡವರು, ಕೂಸು ಕಾಲು ಮಡಚಿ ಕೂಡ್ತದ, ಮುಂದಕ್ಕ ಮುಖ ಮಾಡಿ ಕೂಡಸ್ರಿ ಅಂತಾರ. ತಿಳದವರು ಹೇಳ್ರಿ.

ಉತ್ತರ, ಕಲಬುರಗಿಯಿಂದ:
ತಲೆ ಅಂಚಿಗೆ ಬಂತು ಅಂದರೆ ಆ ಸೀಟಿನ ಕೆಲಸ ಮುಗಿಯಿತು. ತೂಕ ಇನ್ನೂ ಬಾಕಿ ಇದೆ ಅಂತ ಎಳೆಯಬೇಡಿ. ನೆತ್ತಿಗೂ ಚಿಪ್ಪಿನ (ಸೀಟಿನ ಗಟ್ಟಿ ಪ್ಲಾಸ್ಟಿಕ್ ಹೊರಮೈ) ಅಂಚಿಗೂ ನಡುವೆ ಎರಡು ಬೆರಳಗಲ, ಅಂದರೆ 2.5 ಸೆಂ.ಮೀ.ನಷ್ಟು ಜಾಗ ಇರಬೇಕು. ಸೀಟಿನ ಜೊತೆ ಬಂದ ಪುಸ್ತಕದಲ್ಲಿ ಬೇರೆ ಅಳತೆ ಹೇಳಿದ್ದರೆ ಅದನ್ನೇ ನಂಬಿ. ಕಾಲು ಹಿಂದಿನ ಸೀಟಿಗೆ ತಾಗುತ್ತದೆ ಅನ್ನೋದು ಸೀಟು ಬದಲಿಸುವ ಕಾರಣವೇ ಅಲ್ಲ. ಮಕ್ಕಳು ಮಂಡಿ ಮಡಚಿ, ಚಕ್ಕಳಮಕ್ಕಳ ಹಾಕಿ ಆರಾಮಾಗಿ ಕೂಡುತ್ತಾರೆ.

ಇನ್ನು ಕೊಳ್ಳುವ ಹೊಸ ಸೀಟಿನಲ್ಲೂ ಕೂಸು ಹಿಂದಕ್ಕೇ ಮುಖ ಮಾಡಿ ಕೂಡಲಿ. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ಭಾರ, ಕುತ್ತಿಗೆಯ ಎಲುಬು ಪೂರ್ತಿ ಗಟ್ಟಿಯಾಗಿರುವುದಿಲ್ಲ. ಕಾರು ಎದುರಿಗೆ ಗುದ್ದಿದಾಗ, ಮುಂದಕ್ಕೆ ಮುಖ ಮಾಡಿದ ಕೂಸಿನ ಮೈಯನ್ನು ಪಟ್ಟಿ ಹಿಡಿಯುತ್ತದೆ, ತಲೆಯನ್ನು ಹಿಡಿಯುವವರು ಯಾರೂ ಇಲ್ಲ. ಆ ಎಳೆತ ಪೂರಾ ಕುತ್ತಿಗೆಗೆ. ಹಿಂದಕ್ಕೆ ಮುಖ ಇದ್ದರೆ ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಚಿಪ್ಪು ಒಟ್ಟಿಗೆ ಹಿಡಿಯುತ್ತದೆ. ಮನೆಯಲ್ಲಿ ದೊಡ್ಡವರಿಗೆ ಇಷ್ಟು ಹೇಳಿದರೆ ಸಾಕು.

ಅಂಗಡಿಯಲ್ಲಿ ಸೀಟಿನ ಬೆನ್ನಿಗೆ ಅಂಟಿಸಿರುವ ಚೀಟಿ ಓದಿ. ಮಕ್ಕಳ ಸೀಟಿನ ಸುರಕ್ಷತೆಗೆ ವಿಶ್ವಸಂಸ್ಥೆ ಮಾಡಿದ ಹಳೆಯ ಆರ್44 ನಿಯಮದಲ್ಲಿ ತೂಕದ ಲೆಕ್ಕ: 0+ ಗುಂಪು 13 ಕೆ.ಜಿ. ತನಕ, 1ನೇ ಗುಂಪು 9ರಿಂದ 18, 2ನೇದು 15ರಿಂದ 25, 3ನೇದು 22ರಿಂದ 36. ಹೊಸ ಆರ್129 ನಿಯಮದಲ್ಲಿ ಎತ್ತರದ ಲೆಕ್ಕ, 15 ತಿಂಗಳು ತುಂಬುವ ತನಕ ಮುಂದಕ್ಕೆ ತಿರುಗಿಸುವ ಹಾಗೇ ಇಲ್ಲ. ಯುರೋಪಿನಲ್ಲಿ 2024ರ ಸೆಪ್ಟೆಂಬರ್‌ನಿಂದ ಆರ್44 ಸೀಟುಗಳ ಮಾರಾಟ ನಿಂತಿದೆ. ನಮ್ಮ ದೇಶದ ನಿಯಮ ಎಐಎಸ್ 072. ಇವುಗಳಲ್ಲಿ ಒಂದೂ ಬರೆದಿಲ್ಲದ, ಚಿಪ್ಪಿಲ್ಲದೆ ಬರೀ ಬಟ್ಟೆ ಮತ್ತು ಪಟ್ಟಿಯಲ್ಲಿ ಹೊಲಿದ 'ಕಾರ್ ಸೀಟು' ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದು ಅಗ್ಗವೂ ಅಲ್ಲ, ದಂಡ.

ಉತ್ತರ, ಬೀದರ್‌ನಿಂದ:
0–36ರ ಮಾತಿಗಿ ಬರ್ತೀನಿ. ಅಂಥ ಸೀಟು ಎಲ್ಲಾ ಕೆಟ್ಟವು ಅಂತಲ್ರಿ, ಖರೆ ಅಂಗಡಿಯವ್ರು ಒಂದು ಮಾತು ಹೇಳಂಗಿಲ್ಲ. ಅವುಗಳಾಗ ಭಾಳಷ್ಟು ಹಿಂದಕ್ಕ ಮುಖ ಮಾಡಿ 13 ಕೆ.ಜಿ. ತನಕ ಮಾತ್ರ. ನಿಮ್ಮ ಕೂಸು ಈಗೇ 9.6 ಅದ. ಅಂದ್ರ ಇನ್ನ 3.4 ಕೆ.ಜಿ. ಏರಿದ್ರ ತಿರುಗಸಬೇಕಾಗ್ತದ. ಹಿಂದಕ್ಕ ಮುಖ ಮಾಡಿ 18 ಕೆ.ಜಿ. ತನಕ, ಇಲ್ಲಾ 105 ಸೆಂ.ಮೀ. ತನಕ ಅಂತ ಚೀಟಿ ಮ್ಯಾಲ ಬರದಿದ್ದು ಹುಡಕ್ರಿ. ಈ ಒಂದು ಅಂಕಿ ಬಣ್ಣ, ಕಪ್ ಹೋಲ್ಡರು, ಸುತ್ತಾ ತಿರುಗೋದು ಎಲ್ಲಕ್ಕಿಂತ ದೊಡ್ಡದು.

ಇನ್ನೊಂದು, ಪ್ಲಾಸ್ಟಿಕ್‌ಗೂ ವಯಸ್ಸಿರ್ತದ. ಚಿಪ್ಪಿನ ತಳದಾಗ ತಯಾರಾದ ತಾರೀಖು ಅಚ್ಚು ಹಾಕಿರ್ತಾರ, ಸಾಮಾನ್ಯವಾಗಿ 6ರಿಂದ 10 ವರ್ಷ ಬಾಳಿಕಿ. 12 ವರ್ಷ ಚಿಂತಿಲ್ಲ ಅನ್ನೋದು ಅಲ್ಲೇ ಬಿದ್ದು ಹೋಯ್ತು ನೋಡ್ರಿ. ನಾಲ್ಕು ವರ್ಷದ ಮ್ಯಾಲ ಬೆನ್ನಿರೋ ಬೂಸ್ಟರ್ (ಕೂಸಿನ್ನ ಎತ್ತರಕ್ಕ ಕೂಡಿಸಿ ಕಾರಿನ ಬೆಲ್ಟೇ ಹಾಕೋ ಸೀಟು) ಬ್ಯಾರೆ ತಗೊಂಡ್ರ ಲೆಕ್ಕ ಸರಿ ಹೊಂದತದ. ಈಗೇ ಬೂಸ್ಟರ್ ಬ್ಯಾಡ, ಅದು 15 ಕೆ.ಜಿ. ಕೆಳಗಿನ ಕೂಸಿಂದಲ್ಲ.

ಉತ್ತರ, ಕಲಬುರಗಿಯಿಂದ, ಕಾರಿನ ಪರಿಕರ ಕೂಡಿಸುವವರು:
ಸೀಟು ಆರಿಸುವ ಮೊದಲು ಕಾರು ನೋಡಿರಿ. ಹಿಂದಿನ ಸೀಟಿನ ಬೆನ್ನು ಮತ್ತು ಕೂಡುವ ಭಾಗ ಸೇರುವ ಸಂದಿಯಲ್ಲಿ ಕೈ ಹಾಕಿರಿ. 6 ಮಿ.ಮೀ. ದಪ್ಪದ ಎರಡು ಉಕ್ಕಿನ ಸರಳು, ಒಂದಕ್ಕೊಂದು 28 ಸೆಂ.ಮೀ. ದೂರದಲ್ಲಿ ಸಿಕ್ಕರೆ ಐಸೋಫಿಕ್ಸ್ ಇದೆ, ಅಂದರೆ ಬೆಲ್ಟಿಲ್ಲದೆ ಮಕ್ಕಳ ಸೀಟನ್ನು ನೇರ ಕಾರಿಗೆ ಸಿಕ್ಕಿಸುವ ವ್ಯವಸ್ಥೆ. ಆಮೇಲೆ ಡಿಕ್ಕಿ ತೆಗೆದು ಸೀಟಿನ ಬೆನ್ನ ಹಿಂದೆ ಲಂಗರಿನ ಗುರುತು ಇರುವ ಕೊಂಡಿ ಹುಡುಕಿರಿ. ಅದು ಟಾಪ್ ಟೆದರ್, ಅಂದರೆ ಮಕ್ಕಳ ಸೀಟಿನ ಮೇಲ್ಭಾಗದಿಂದ ಬರುವ ಪಟ್ಟಿ, ಸಿಕ್ಕಿಸುವ ಜಾಗ. ಲಗೇಜ್ ಕಟ್ಟುವ ಕೊಂಡಿಗೆ ಟೆದರ್ ಸಿಕ್ಕಿಸಿದ್ದನ್ನು ಬಹಳ ನೋಡಿದ್ದೇವೆ. ಆ ಕೊಂಡಿ ಸೂಟ್‌ಕೇಸ್ ಹಿಡಿಯಲಿಕ್ಕೆ ಮಾಡಿದ್ದು, ಗುದ್ದಿದಾಗಿನ ಎಳೆತಕ್ಕೆ ಕಿತ್ತು ಬರುತ್ತದೆ.

ಐಸೋಫಿಕ್ಸ್ ಇಲ್ಲದಿದ್ದರೂ ಗಾಬರಿ ಬೇಡ. ಮೂರು ಬಿಂದುವಿನ ಸೀಟ್‌ಬೆಲ್ಟಿನಲ್ಲಿ ಸರಿಯಾಗಿ ಬಿಗಿದ ಸೀಟು ಅಷ್ಟೇ ಗಟ್ಟಿ. ಆದರೆ ಮೂರು ಕಡೆ ತಪ್ಪುತ್ತದೆ.

ಮೊದಲನೇದು ಬೆಲ್ಟಿನ ಉದ್ದ. ಹಿಂದಕ್ಕೆ ಮುಖದ ದೊಡ್ಡ ಸೀಟನ್ನು ಸುತ್ತಿ ಬರಲು ಹಳೆಯ ಸಣ್ಣ ಕಾರಿನ ಬೆಲ್ಟು ಎಷ್ಟೋ ಸಲ ಸಾಲುವುದಿಲ್ಲ. ದುಡ್ಡು ಕೊಡುವ ಮೊದಲು ಅಂಗಡಿ ಮುಂದೆಯೇ ಕಾರಿಗೆ ಕೂಡಿಸಿ ನೋಡಿರಿ. ಒಪ್ಪದ ಅಂಗಡಿ ಬಿಟ್ಟುಬಿಡಿ. ಎರಡನೇದು, ಬಕಲ್ಲಿನ ದಂಟು ಉದ್ದ ಇದ್ದು ಬಕಲ್ಲು ಸೀಟಿನ ಪ್ಲಾಸ್ಟಿಕ್ ಅಂಚಿನ ಮೇಲೆ ಮಡಚಿಕೊಂಡು ಕೂಡುವುದು. ಎಳೆತ ಬಿದ್ದಾಗ ಅದು ಒಡೆಯಬಹುದು, ಬಿಚ್ಚಬಹುದು. ಹಾಗಿದ್ದರೆ ಆ ಸೀಟು ಆ ಜಾಗಕ್ಕೆ ಆಗುವುದಿಲ್ಲ. ಮೂರನೇದು, ನಮ್ಮ ಕಾರುಗಳ ಬೆಲ್ಟು ಸಾಮಾನ್ಯವಾಗಿ ಜೋರಾಗಿ ಜಗ್ಗಿದಾಗ ಮಾತ್ರ ಲಾಕ್ ಆಗುತ್ತದೆ, ಮಿಕ್ಕಂತೆ ಸಡಿಲ ಬಿಡುತ್ತದೆ. ಹಾಗಾಗಿ ಸೀಟಿನಲ್ಲೇ ಬೆಲ್ಟನ್ನು ಕಚ್ಚಿ ಹಿಡಿಯುವ ಕ್ಲಾಂಪು ಇರುವುದನ್ನು ತೆಗೆದುಕೊಳ್ಳಿ.

ನಡುವಿನ ಜಾಗದಲ್ಲಿ ಬರೀ ಸೊಂಟದ ಬೆಲ್ಟು ಇದ್ದರೆ ಅಲ್ಲಿ ಹಾಕಬೇಡಿ. ಡ್ರೈವರ್ ಹಿಂದಲ್ಲ, ಎಡಗಡೆ ಹಾಕಿರಿ. ಕೂಸನ್ನು ರಸ್ತೆ ಅಂಚಿನಿಂದ ಇಳಿಸಬಹುದು. ಮುಂದಿನ ಸೀಟಿಗೆ ಏರ್‌ಬ್ಯಾಗ್ ಇದ್ದರೆ ಅಲ್ಲಿ ಹಿಂದಕ್ಕೆ ಮುಖದ ಸೀಟು ಎಂದೆಂದೂ ಬೇಡ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಕೂಸಿನ ತಲೆ ಹಿಂದಿರುವ ಚಿಪ್ಪಿಗೇ ಹೊಡೆಯುತ್ತದೆ.

ಬಿಗಿಯುವ ಕ್ರಮ: ಕಾರಿನ ಹೆಡ್‌ರೆಸ್ಟ್ ಅಡ್ಡ ಬರುತ್ತಿದ್ದರೆ ತೆಗೆದಿಡಿ. ಬೆಲ್ಟು ಹಾಯುವ ದಾರಿ ನೋಡಿರಿ. ಎರಡೂ ಕಡೆ ತಿರುಗುವ ಸೀಟಿನಲ್ಲಿ ಹಿಂದಕ್ಕೆ ಮುಖ ಇದ್ದರೆ ನೀಲಿ ಗುರುತು, ಮುಂದಕ್ಕೆ ಇದ್ದರೆ ಕೆಂಪು. ಬಕಲ್ ಹಾಕಿ, ಸೀಟಿನೊಳಗೆ ಮಂಡಿ ಊರಿ ಭಾರ ಬಿಟ್ಟು, ಮೊದಲು ಸೊಂಟದ ಭಾಗದ ಸಡಿಲ ಎಳೆಯಿರಿ, ಆಮೇಲೆ ಭುಜದ ಭಾಗದ್ದು, ಕೊನೆಗೆ ಕ್ಲಾಂಪು ಮುಚ್ಚಿರಿ. ಬೆಲ್ಟು ಹಾಯ್ದ ಜಾಗದಲ್ಲೇ ಹಿಡಿದು ಅಲ್ಲಾಡಿಸಿದರೆ 2.5 ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು. ತುದಿ ಹಿಡಿದು ಅಲ್ಲಾಡಿಸಿದರೆ ಎಂಥ ಸೀಟಾದರೂ ಅಲ್ಲಾಡುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಉತ್ತರ, ಯಾದಗಿರಿಯಿಂದ:
ಸೀಟು ಬಿಗಿ ಇದ್ದು ಕೂಸು ಸಡಿಲ ಇದ್ರ ಏನುಪಯೋಗ? ಭುಜದ ಪಟ್ಟಿ ಹಿಂದಕ್ಕ ಮುಖ ಇದ್ದಾಗ ಭುಜದ ಮಟ್ಟಕ್ಕ ಇಲ್ಲಾ ತುಸು ಕೆಳಗಿಂದ ಬರಬೇಕು. ಮುಂದಕ್ಕ ತಿರುಗಿಸಿದ ಮ್ಯಾಲ ಭುಜದ ಮಟ್ಟಕ್ಕ ಇಲ್ಲಾ ತುಸು ಮ್ಯಾಲಿಂದ. ಪಟ್ಟಿ ಎಳದು, ಭುಜದ ಹತ್ರ ಬೆರಳಿಂದ ಚಿವುಟಿ ನೋಡ್ರಿ. ಮಡಿಕಿ ಸಿಕ್ರ ಇನ್ನೂ ಎಳೀಬೇಕು.

ಬೀದರ್ ಕಡೆ ಡಿಸೆಂಬರ್ ಥಂಡಿ ಗೊತ್ತೇ ಅದ. ದಪ್ಪ ಸ್ವೆಟರ್ ಹಾಕಿ ಪಟ್ಟಿ ಕಟ್ಟಬ್ಯಾಡ್ರಿ. ಗುದ್ದಿದಾಗ ಉಣ್ಣಿ ಒತ್ತಿಕೊಂಡು ಪಟ್ಟಿ ಸಡಿಲ ಬೀಳ್ತದ. ಪಟ್ಟಿ ಕಟ್ಟಿ, ಅದರ ಮ್ಯಾಲ ಶಾಲು ಹೊಚ್ಚರಿ. ಬೆನ್ನಿಗಿ ಹತ್ತಿ ದಿಂಬು ಇಡೋದೂ ಹಂಗೇ ತಪ್ಪು. ಸೀಟಿನ ಜೊತಿ ಬಂದ ಮೆತ್ತಿ ಬಿಟ್ರ ಬ್ಯಾರೆ ಏನೂ ಬ್ಯಾಡ.

ಬ್ಯಾಸಿಗಿ ಇದಕ್ಕಿಂತ ಕೆಟ್ಟದು. ಮೇ ತಿಂಗಳಾಗ ಬೇವಿನ ಗಿಡದ ಕೆಳಗ ನಿಲ್ಲಿಸಿದ್ರೂ ಬಕಲ್ಲಿನ ಕಬ್ಬಿಣ ಚರ್ಮ ಸುಡೋ ಹಂಗ ಕಾಯ್ತದ. ನಿಲ್ಲಿಸುವಾಗ ಸೀಟಿನ ಮ್ಯಾಲ ಬಿಳಿ ಧೋತರ ಹೊಚ್ಚರಿ, ಕೂಡಸೋ ಮೊದಲು ಅಂಗೈಲೆ ಮುಟ್ಟಿ ನೋಡ್ರಿ. ಏಸಿ ಗಾಳಿ ಚಿಪ್ಪಿನ ಒಳಗ ತಡವಾಗಿ ಹೋಗ್ತದ, ಅದಕ್ಕ ಹೊರಡೋ ಮೊದಲು ಬಾಗಿಲು ತೆರದು ಬಿಸಿ ಗಾಳಿ ಬಿಡ್ರಿ.

ಮತ್ತ ಕಾರಿನಾಗ ಚುರುಮುರಿ ಕೊಟ್ರ ಅದು ಸೀದಾ ಬಕಲ್ಲಿನ ಒಳಗ. 'ಟಕ್' ಅಂತ ಸಪ್ಪಳ ಬರಲಿಲ್ಲಂದ್ರ ಕೂಡಿಲ್ಲ ಅಂತ ತಿಳೀರಿ. ಬಕಲ್ಲು ಬಿಚ್ಚಲಿಕ್ಕ ಬಂದ್ರ ಬರೀ ಉಗುರುಬೆಚ್ಚಗಿನ ನೀರಾಗ ತೊಳೀರಿ. ಎಣ್ಣಿ, ಗ್ರೀಸ್ ಹಚ್ಚಬ್ಯಾಡ್ರಿ, ಧೂಳು ಮೆತ್ಕೊಂಡು ಪೂರಾ ಜಾಮ್ ಆಗ್ತದ. ಪಟ್ಟಿ ಮಾತ್ರ ನೆನಿ ಹಾಕಬ್ಯಾಡ್ರಿ, ಮಷಿನ್‌ಗೂ ಹಾಕಬ್ಯಾಡ್ರಿ, ಹಸಿ ಬಟ್ಟೀಲೆ ಒರಸ್ರಿ ಸಾಕು.

ಪ್ರಶ್ನೆ ಕೇಳಿದವರು:
ಕೈ ಹಾಕಿ ನೋಡಿದ್ವಿ ಅಣ್ಣಾರ, ಎರಡು ಸರಳು ಸಿಕ್ಕವು. ಟೆದರ್ ಕೊಂಡಿ ಮಾತ್ರ ಇಲ್ಲ. ಪರಿಚಯದವ್ರು ತಮ್ಮ ಹಳೀ ಸೀಟು ಕೊಡ್ತೀವಿ ಅಂತಾರ, ತಗೋಬೇಕೇನು?

ಉತ್ತರ, ಕಾರಿನ ಪರಿಕರ ಕೂಡಿಸುವವರು:
ಟೆದರ್ ಕೊಂಡಿ ಇಲ್ಲದ ಕಡೆ ಟೆದರ್ ಬೇಕೇಬೇಕು ಅನ್ನುವ ಐಸೋಫಿಕ್ಸ್ ಸೀಟು ಆಗುವುದಿಲ್ಲ. ಬರೀ ಸರಳಿಗೆ ಸಿಕ್ಕಿಸಿ ಬಿಟ್ಟರೆ ಗುದ್ದಿದಾಗ ಸೀಟು ಬುಡದಲ್ಲೇ ಮಗುಚುತ್ತದೆ. ನಿಮಗಿರುವುದು ಎರಡು ದಾರಿ. ನೆಲಕ್ಕೆ ಊರುವ ಕಾಲು ಇರುವ ಸೀಟು, ಇಲ್ಲವೇ ಬೆಲ್ಟಿನಲ್ಲಿ ಕೂಡಿಸುವ ಸೀಟು. ಕಾಲಿನದಾದರೆ, ಕಾಲು ಊರುವ ಜಾಗದಲ್ಲಿ ನೆಲದೊಳಗೆ ಸಾಮಾನು ಇಡುವ ಪೊಳ್ಳು ಡಬ್ಬಿ ಇರಬಾರದು, ಮುಚ್ಚಳ ಕುಸಿಯುತ್ತದೆ. ಸೀಟು ಕಂಪನಿಯವರ ಪಟ್ಟಿಯಲ್ಲಿ ನಿಮ್ಮ ಕಾರಿನ ಮಾಡೆಲ್ಲು, ವರ್ಷ ಇದೆಯೇ ನೋಡಿಕೊಳ್ಳಿ. ಆರ್129 ಐಸೋಫಿಕ್ಸ್‌ನಲ್ಲಿ ಸೀಟು ಮತ್ತು ಕೂಸು ಸೇರಿ 33 ಕೆ.ಜಿ. ಮೀರಬಾರದು, ಸೀಟೇ 13 ಕೆ.ಜಿ. ಇದ್ದರೆ ಕೂಸಿಗೆ ಉಳಿಯುವುದು 20. ನಮ್ಮ ಕೈಯಲ್ಲಿದ್ದರೆ, 2016ರ ಸಣ್ಣ ಕಾರಿಗೆ ಬೆಲ್ಟಿನದನ್ನೇ ಹಾಕುತ್ತೇವೆ.

ಉತ್ತರ, ಬೀದರ್‌ನಿಂದ:
ಹಳೀ ಸೀಟು ಅಂದ್ರ ನಾಲ್ಕು ನೋಡ್ರಿ: ಒಮ್ಮೆನೂ ಆಕ್ಸಿಡೆಂಟ್ ಆಗಿಲ್ಲ ಅಂತ ಖಾತ್ರಿ ಅದನ, ತಾರೀಖು ಮುಗಿದಿಲ್ಲನ, ಪುಸ್ತಕ ಅದನ, ಪಟ್ಟಿ ಎಳಿ ಬಿಚ್ಚಿಲ್ಲನ. ಒಂದು ತಪ್ಪಿದ್ರೂ ಬ್ಯಾಡ. ಗುದ್ದಿದ ಸೀಟಿನ ಬಿರುಕು ಬಟ್ಟಿ ಕೆಳಗ ಇರ್ತದ, ಕಾಣಂಗಿಲ್ಲ.

ಊರಾಗ ಟಂಟಂ, ಅಡ್ಡ ಸೀಟಿನ ಜೀಪಿಗಿ ಈ ಸೀಟು ಒಯ್ಯಬ್ಯಾಡ್ರಿ. ಮೂರು ಬಿಂದುವಿನ ಬೆಲ್ಟು ಇಲ್ಲದಲ್ಲಿ, ಅಡ್ಡ ಕೂಡೋ ಬೆಂಚಿನ ಮ್ಯಾಲ ಯಾವ ಸೀಟೂ ನಿಲ್ಲಂಗಿಲ್ಲ. ಕಾನೂನು ಕೇಳಿದ್ರ, 2019ರ ತಿದ್ದುಪಡಿ ಆದ ಮೋಟಾರು ವಾಹನ ಕಾಯ್ದೆ 194ಬಿ ಕಲಮಿನ ಪ್ರಕಾರ 14 ವರ್ಷದ ಒಳಗಿನ ಮಗುವಿಗಿ ಬೆಲ್ಟು ಇಲ್ಲಾ ಮಕ್ಕಳ ಸೀಟು ಹಾಕದಿದ್ರ ₹1,000 ದಂಡ. ಹೈದರಾಬಾದ್ ದಾರಿಯಾಗ ಹುಮನಾಬಾದಿನಾಗ ಒಮ್ಮೆ, ಜಹೀರಾಬಾದಿನಾಗ ಒಮ್ಮೆ ಇಳಿಸಿ ಕೂಸಿಗಿ ಕಾಲು ಚಾಚಲಿಕ್ಕ ಬಿಡ್ರಿ. ಗಾಡಿ ಓಡುವಾಗ ಅತ್ತರ ಪಟ್ಟಿ ಬಿಚ್ಚಿ ತೊಡಿ ಮ್ಯಾಲ ತಗೋಬ್ಯಾಡ್ರಿ, ಗಾಡಿ ಬದಿಗಿ ನಿಲ್ಲಿಸಿ ತಗೋರಿ.