ಮುಟ್ಟದೆಯೇ ಯೀಸ್ಟ್ ಸೊರಗಿದೆ, ಸಯನೈಡ್ ಕಾರಣವಾ?

ಪ್ರಶ್ನೆ: ಮೇಡಂ, ನಾನು ಮೈಕ್ರೋಬಯಾಲಜಿ ಎಂಎಸ್ಸಿ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗೆ ನಡುವೆ ಗೋಡೆ ಇರುವ ಪೆಟ್ರಿ ಪ್ಲೇಟ್ ತಗೊಂಡಿದ್ದೇನೆ. ಒಂದು ಕಡೆ ಹೊಲದ ಮಣ್ಣಿನಿಂದ ತೆಗೆದ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ, ಇನ್ನೊಂದು ಕಡೆ ಬೇಕರಿ ಯೀಸ್ಟ್. ಎರಡು ಕಡೆಯ ಅಗಾರ್ (ಸೂಕ್ಷ್ಮಜೀವಿ ಬೆಳೆಸುವ ಜೆಲ್ಲಿ) ಎಲ್ಲೂ ಒಂದಕ್ಕೊಂದು ತಾಗಿಲ್ಲ. ಆದರೂ ಯೀಸ್ಟ್ ಕಾಲನಿಗಳು ಕಂಟ್ರೋಲ್‌ಗಿಂತ (ಬ್ಯಾಕ್ಟೀರಿಯಾ ಹಾಕದೆ ಹೋಲಿಕೆಗೆ ಇಟ್ಟ ಪ್ಲೇಟ್) ತೀರಾ ಚಿಕ್ಕವು. ಗೈಡ್ "ಸಯನೈಡ್ ಇರಬೇಕು, ಹಾಗೇ ಬರಿ" ಅಂತಾರೆ. ಬರೆಯಬಹುದಾ?

ಉತ್ತರ: ಈಗಲೇ ಬೇಡ. ಸಯನೈಡ್ ಇರಬಹುದು, ಆದರೆ ಇನ್ನೂ ಒಂದೆರಡು ಕಾರಣಕ್ಕೆ ಇದೇ ಫಲಿತಾಂಶ ಬರುತ್ತದೆ.

ಹಲವು ಸ್ಯೂಡೋಮೊನಾಸ್‌ಗಳು ಗ್ಲೈಸೀನ್ ಎಂಬ ಅಮೈನೋ ಆಮ್ಲದಿಂದ ಹೈಡ್ರೋಜನ್ ಸಯನೈಡ್ ಮಾಡುತ್ತವೆ, ನಿಜ. ಅದು ಸುಮಾರು 26 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ 30 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿ ಗೋಡೆ ದಾಟೋದು ಅದಕ್ಕೆ ಕಷ್ಟವೇ ಅಲ್ಲ. ಮೈಟೋಕಾಂಡ್ರಿಯಾದ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಅಂಟಿಕೊಂಡು ಉಸಿರಾಟ ನಿಲ್ಲಿಸುತ್ತದೆ. ಆದರೆ ಬೇಕರಿ ಯೀಸ್ಟ್ ಘಾಟಿ. ಸಕ್ಕರೆ ಸಿಕ್ಕರೆ ಉಸಿರಾಟ ಬಿಟ್ಟು ಬರೀ ಹುದುಗುವಿಕೆಯ ಮೇಲೆ ಬದುಕುತ್ತದೆ. ಅದಕ್ಕೇ ಗ್ಲುಕೋಸ್ ಬದಲು ಗ್ಲಿಸರಾಲ್ ಹಾಕಿದ ಮೀಡಿಯಾದಲ್ಲೂ ಬೆಳೆಸಿ ನೋಡಿ. ಗ್ಲಿಸರಾಲನ್ನು ಅದು ಹುದುಗಿಸಲಾರದು, ಉಸಿರಾಡಲೇಬೇಕು. ಅಲ್ಲಿ ಪೂರ್ತಿ ನಿಂತು, ಗ್ಲುಕೋಸ್‌ನಲ್ಲಿ ಬರೀ ನಿಧಾನವಾದರೆ ಉಸಿರಾಟಕ್ಕೇ ಪೆಟ್ಟು ಬಿದ್ದಿದೆ ಎಂದರ್ಥ.

ಆಗಲೂ ಸಯನೈಡ್ ಎಂದು ಹೇಳಲಾಗದು. ಆಮ್ಲಜನಕ ಕಡಿಮೆಯಾದರೂ ಹೀಗೇ ಆಗುತ್ತದೆ. ಸ್ಯೂಡೋಮೊನಾಸ್ ಆಮ್ಲಜನಕ ಚೆನ್ನಾಗಿ ಹೀರುತ್ತದೆ, ನೀವು ಪ್ಯಾರಾಫಿಲ್ಮ್ (ಪ್ಲೇಟ್‌ನ ಅಂಚು ಮುಚ್ಚುವ ಪಟ್ಟಿ) ಬಿಗಿಯಾಗಿ ಸುತ್ತಿದ್ದರೆ ಕೇಳೋದೇ ಬೇಡ. ಪಿಕ್ರಿಕ್ ಆಮ್ಲ ಮತ್ತು ಸೋಡಿಯಂ ಕಾರ್ಬೊನೇಟ್‌ನಲ್ಲಿ ಅದ್ದಿದ ಫಿಲ್ಟರ್ ಪೇಪರ್ ಮುಚ್ಚಳಕ್ಕೆ ಅಂಟಿಸಿ. ಹಳದಿ ಕಾಗದ ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಸಯನೈಡ್ ಇದೆ. ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಬೇರಿನ ಬ್ಯಾಕ್ಟೀರಿಯಾಗೆ ಮಾಡುವ ಮಾಮೂಲಿ ಪರೀಕ್ಷೆ ಇದು. (ಪಿಕ್ರಿಕ್ ಆಮ್ಲದ ಬಾಟಲಿ ಒಣಗಲು ಬಿಡಬೇಡಿ, ಒಣಗಿದ್ದು ಸ್ಫೋಟಕ.)

ಅಂದಹಾಗೆ, ಎರಡೂ ಕಡೆ ಯಾವ ಮೀಡಿಯಾ?

ಪ್ರಶ್ನೆ: ಬ್ಯಾಕ್ಟೀರಿಯಾಗೆ ನ್ಯೂಟ್ರಿಯೆಂಟ್ ಅಗಾರ್, ಯೀಸ್ಟ್‌ಗೆ ವೈಪಿಡಿ (ಗ್ಲುಕೋಸ್ ಇರುವ ಯೀಸ್ಟ್ ಮೀಡಿಯಾ). ಕಂಟ್ರೋಲ್‌ನಲ್ಲಿ ಆ ಕಡೆ ಖಾಲಿ ಅಗಾರ್ ಅಷ್ಟೇ.

ಉತ್ತರ: ಹಾಗಿದ್ದರೆ ನನ್ನ ಮೊದಲ ಅನುಮಾನ ಅಮೋನಿಯಾ ಮೇಲೆ. ನ್ಯೂಟ್ರಿಯೆಂಟ್ ಅಗಾರ್‌ನಲ್ಲಿ ಸಕ್ಕರೆ ಹಾಕಿರುವುದಿಲ್ಲ. ಬ್ಯಾಕ್ಟೀರಿಯಾ ಅದರಲ್ಲಿರುವ ಪೆಪ್ಟೋನ್‌ನ (ಒಡೆದ ಪ್ರೋಟೀನ್) ಅಮೈನೋ ಆಮ್ಲಗಳನ್ನೇ ತಿಂದು, ಬೇಡದ ಸಾರಜನಕವನ್ನು ಅಮೋನಿಯಾ ಮಾಡಿ ಬಿಡುತ್ತದೆ. ಅದು ಗಾಳಿಯಲ್ಲಿ ಹೋಗಿ ಯೀಸ್ಟ್ ಕಡೆಯ ಅಗಾರ್‌ನಲ್ಲಿ ಕರಗುತ್ತದೆ, ಪಿಎಚ್ ಏರುತ್ತದೆ. ಯೀಸ್ಟ್ ಪ್ರೋಟಾನ್‌ಗಳನ್ನು ಹೊರಗೆ ತಳ್ಳಿ, ಆ ವ್ಯತ್ಯಾಸದ ಬಲದಿಂದ ಎಷ್ಟೋ ಆಹಾರವನ್ನು ಒಳಗೆ ಎಳೆದುಕೊಳ್ಳುತ್ತದೆ. ಸುತ್ತಲೂ ಕ್ಷಾರವಾದರೆ ಆ ಕೆಲಸ ಕೆಡುತ್ತದೆ.

ವೈಪಿಡಿಗೆ ಸ್ವಲ್ಪ ಬ್ರೋಮೋಕ್ರೆಸಾಲ್ ಪರ್ಪಲ್ (ಆಮ್ಲದಲ್ಲಿ ಹಳದಿ, ಕ್ಷಾರದಲ್ಲಿ ನೇರಳೆಯಾಗುವ ಬಣ್ಣ) ಸೇರಿಸಿ. ಯೀಸ್ಟ್ ಬೆಳೆದಂತೆ ಅಗಾರ್ ಹಳದಿಗೆ ತಿರುಗಬೇಕು. ಬ್ಯಾಕ್ಟೀರಿಯಾ ಇರುವ ಪ್ಲೇಟ್‌ನಲ್ಲಿ ನೇರಳೆಯಾಗೇ ಉಳಿದರೆ ಉತ್ತರ ಕಣ್ಣೆದುರಿಗೇ ಇರುತ್ತದೆ. ಯಂತ್ರಗಿಂತ್ರ ಏನೂ ಬೇಡ.

ಕ್ಷಾರ ಅನಿಲಗಳನ್ನು ಹಗುರವಾಗಿ ತಗೋಬೇಡಿ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಕೆಲಸ ನೋಡಿ. ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಪಕ್ಕ ಯೀಸ್ಟ್ ಬೆಳೆಸಿದರು. ಯೀಸ್ಟ್ ಗ್ಲುಕೋಸ್ ಖಾಲಿ ಮಾಡುತ್ತಿದ್ದಂತೆ ಸ್ಟ್ರೆಪ್ಟೊಮೈಸಿಸ್ ತನ್ನ ಜಾಗ ಬಿಟ್ಟು ಪ್ಲೇಟ್ ತುಂಬಾ ಹರಡತೊಡಗಿತು. ಜೊತೆಗೆ ಟ್ರೈಮೀಥೈಲಮೀನ್ ಬಿಟ್ಟಿತು, ಅದೇ ಕೊಳೆತ ಮೀನಿನ ವಾಸನೆಯ ಅನಿಲ. ದೂರದಲ್ಲಿದ್ದ ಇತರ ಸ್ಟ್ರೆಪ್ಟೊಮೈಸಿಸ್ ಕೂಡ ಆ ಅನಿಲಕ್ಕೇ ಹರಡಲು ಶುರು ಮಾಡಿದವು. ಯೀಸ್ಟ್ ಕೂಡ ಸುಮ್ನೆ ಕೂರಲ್ಲ. ಪಕ್ಕಪಕ್ಕದ ಯೀಸ್ಟ್ ಕಾಲನಿಗಳು ಅಮೋನಿಯಾದಲ್ಲೇ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ ಎಂದು ಪ್ರಾಗ್‌ನವರು 1997ರಲ್ಲೇ ತೋರಿಸಿದ್ದಾರೆ.

ನಿಮ್ಮ ಕಂಟ್ರೋಲ್ ಮಾತ್ರ ಸಾಲದು. ಖಾಲಿ ಅಗಾರ್ ಜೊತೆಗೆ, ಲ್ಯಾಬ್‌ನ ಮಾಮೂಲಿ ಇ. ಕೋಲೈ ಹಾಕಿದ ಪ್ಲೇಟ್ ಕೂಡ ಇಡಿ. ಅದೂ ಆಮ್ಲಜನಕ ತಿನ್ನುತ್ತದೆ, ಅಮೋನಿಯಾ ಬಿಡುತ್ತದೆ, ಸಯನೈಡ್ ಮಾತ್ರ ಮಾಡಲ್ಲ. ಅದರ ಪಕ್ಕವೂ ಯೀಸ್ಟ್ ಅಷ್ಟೇ ಸೊರಗಿದರೆ ಸಯನೈಡ್ ಹೆಸರೆತ್ತುವ ಅಗತ್ಯವೇ ಇಲ್ಲ. ಗೈಡ್‌ಗೆ ಆ ಪ್ಲೇಟ್ ತೋರಿಸಿ, ವಾದ ಬೇಡ.

ಇನ್ನೊಬ್ಬ ಸದಸ್ಯರು: ಮೇಡಂ, ನಮ್ಮನೇಲಿ ಕೊಂಬುಚಾ (ಹುದುಗಿಸಿದ ಚಹಾ) ಜಾಡಿ ಪಕ್ಕದಲ್ಲೇ ಸೋರ್‌ಡೋ ಸ್ಟಾರ್ಟರ್ (ಬ್ರೆಡ್‌ನ ಹುಳಿ ಹಿಟ್ಟು) ಇದೆ. ಹುಳಿ ವಾಸನೆಗೆ ಯೀಸ್ಟ್ ಸಾಯುತ್ತಾ?

ಉತ್ತರ: ಇಲ್ಲ. ಪೆಟ್ರಿ ಪ್ಲೇಟ್‌ನಲ್ಲಿರೋದು ಅಂಗೈಯಗಲದ ಗಾಳಿ, ಅನಿಲ ಅಲ್ಲೇ ಸೇರುತ್ತಾ ಹೋಗುತ್ತದೆ. ಅಡುಗೆಮನೆ ಗಾಳಿಯಲ್ಲಿ ಹಾಗಾಗಲ್ಲ. ನಿಮ್ಮ ಸ್ಟಾರ್ಟರ್‌ನೊಳಗೇ ಬ್ಯಾಕ್ಟೀರಿಯಾ ಮಾಡುವ ಹುಳಿ ಅದಕ್ಕಿಂತ ಎಷ್ಟೋ ಜಾಸ್ತಿ. ವಾಸನೆಗಿಂತ ಹಣ್ಣಿನ ನೊಣಗಳ ಮೇಲೆ ಕಣ್ಣಿಡಿ. ವಿನೆಗರ್ ಬ್ಯಾಕ್ಟೀರಿಯಾವನ್ನು ಜಾಡಿಯಿಂದ ಜಾಡಿಗೆ ಹೊತ್ತೊಯ್ಯೋದು ಅವು. ಎರಡಕ್ಕೂ ಬಟ್ಟೆ ಬಿಗಿಯಾಗಿ ಕಟ್ಟಿ.