ಲೋಹದ ಟೈಲ್ಸಿಗೆ ‘ತಗಡು’ ಸಾಕೇ, ‘ಬಿಲ್ಲೆ’ ಬೇಕೇ?

ಎಲ್ಲರಿಗೂ ನಮಸ್ಕಾರ.

ಪರಿಚಯದವರೊಬ್ಬರು ಮನೆಯೊಳಗಿನ ಗೋಡೆಗೆ ಹಾಕುವ ಲೋಹದ ಟೈಲ್ಸ್ ಮಾರುತ್ತಾರೆ. ತಾಮ್ರ, ಹಿತ್ತಾಳೆ, ಸ್ಟೀಲು, ಅಲ್ಯೂಮಿನಿಯಂ ಎಲ್ಲ ಇವೆ. ಒಲೆ ಹಿಂದಿನ ಗೋಡೆಗೆ, ದೇವರಮನೆಗೆ, ಟಿವಿ ಇರುವ ಗೋಡೆಗೆ ಜನ ಒಯ್ಯುತ್ತಾರಂತೆ. ಎರಡು ಪುಟದ ಮಾಹಿತಿ ಹಾಳೆಯನ್ನು ಕನ್ನಡದಲ್ಲಿ ಬರೆದುಕೊಡಿ ಎಂದರು. ಅರ್ಧ ಗಂಟೆ ಕೆಲಸ ಅಂದುಕೊಂಡೆ. ಮೂರು ದಿನವಾಯಿತು, ಇನ್ನೂ ಮೊದಲ ಪದದಲ್ಲೇ ಕೂತಿದ್ದೇನೆ.

ಮೊದಲು ‘ತಾಮ್ರದ ತಗಡು’ ಎಂದು ಬರೆದೆ. ಅರ್ಥದಲ್ಲಿ ತಪ್ಪೇನಿಲ್ಲ. ಬಡಿದು ತೆಳ್ಳಗೆ ಮಾಡಿದ ಲೋಹವೇ ತಗಡು. ತಮಿಳಿನವರಿಗೂ ಇದೇ ಪದ ಇದೆ. ಆದರೆ ಟೈಲ್ಸ್ ಮಾರುವ ಆ ಪರಿಚಯದವರು ಓದಿ ಮುಖ ಸಿಂಡರಿಸಿದರು. “ಇಷ್ಟು ದುಡ್ಡು ಕೊಟ್ಟು ಯಾರು ಸಾರ್ ತಗಡು ಹೊಡೆಸ್ತಾರೆ? ದನದ ಕೊಟ್ಟಿಗೆ ಅಂದ್ಕೋತಾರೆ” ಎಂದರು. ‘ಅವನೊಬ್ಬ ತಗಡು’ ಎಂದು ಬೈಯುವ ಊರಲ್ಲಿ ಅವರ ಸಂಕಟ ನನಗೂ ಅರ್ಥವಾಯಿತು.

ಮಜಾ ಏನೆಂದರೆ, ದೇವಸ್ಥಾನದ ವಿಷಯ ಬಂದರೆ ಇದೇ ತಗಡಿಗೆ ಎಲ್ಲಿಲ್ಲದ ಮರ್ಯಾದೆ. ಉಡುಪಿ ಕೃಷ್ಣಮಠದ ಗರ್ಭಗುಡಿಯ ಮೇಲೆ 2019ರಲ್ಲಿ ಚಿನ್ನದ ತಗಡು ಹೊದಿಸಿದರು ಎಂದರೆ ಯಾರೂ ನಗುವುದಿಲ್ಲ. ಬಾಗಿಲಿಗೆ ಬೆಳ್ಳಿ ತಗಡು ಹೊದಿಸುವ ಹರಕೆ ಇವತ್ತಿಗೂ ಇದೆ. ಎರಡೂ ಕಡೆ ನಾಮಪದ ಒಂದೇ, ಕ್ರಿಯಾಪದ ನೋಡಿ: ಕೊಟ್ಟಿಗೆಗೆ ತಗಡು ‘ಹೊಡೆಸುತ್ತೇವೆ’, ಗುಡಿಗೆ ತಗಡು ‘ಹೊದಿಸುತ್ತೇವೆ’. ಮೊಳೆ ಹೊಡೆದರೆ ಕೊಟ್ಟಿಗೆ, ಶಾಲಿನ ಹಾಗೆ ಹೊದಿಸಿದರೆ ಗುಡಿ. ‘ಗೋಡೆಗೆ ತಾಮ್ರ ಹೊದಿಸಿ’ ಎಂದು ಬರೆದರೆ ತಗಡಿನ ಹೆಸರೇ ಎತ್ತದೆ ಪಾರಾಗಬಹುದು. ಆದರೆ ‘ಒಂದು ಪೆಟ್ಟಿಗೆಯಲ್ಲಿ ಹತ್ತು ___ ಇರುತ್ತವೆ’ ಎನ್ನುವಲ್ಲಿ ಏನು ಬರೆಯಲಿ?

ತಗಡಿನ ಮಾನ ಹೋಗಿದ್ದು ಜಿಂಕ್ ಶೀಟಿನಿಂದ ಎಂದು ನನ್ನ ಅನುಮಾನ. ಆ ಹೆಸರೂ ಅರ್ಧ ಸುಳ್ಳೇ. ಒಳಗಿರುವುದು ಕಬ್ಬಿಣ ಅಥವಾ ಉಕ್ಕು, ಸತು ಬರೀ ಮೇಲಿನ ಲೇಪ. ಅಮೆರಿಕದಲ್ಲೂ ಹೀಗೇ ಆಗಿದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಮನೆ, ಅಂಗಡಿಗಳ ಒಳಮಾಡಿಗೆ ಅಚ್ಚೊತ್ತಿದ ಲೋಹದ ಹಾಳೆ ಹಾಕುತ್ತಿದ್ದರು. ದುಬಾರಿ ಗಾರೆ ಕೆಲಸದ ಹಾಗೆ ಕಾಣಲಿ ಎಂದು ಬಿಳಿ ಬಣ್ಣ ಬಳಿಯುತ್ತಿದ್ದರು. ಅದಕ್ಕೆ ಹೆಸರು ‘ಟಿನ್ ಸೀಲಿಂಗ್’, ಆದರೆ ಹಾಳೆ ಹೆಚ್ಚಾಗಿ ಉಕ್ಕಿನದು. ಅದನ್ನು ಯಾರಾದರೂ ‘ತವರದ ಮಾಡು’ ಎಂದು ಅನುವಾದಿಸಿದರೆ ದಯವಿಟ್ಟು ತಡೆಯಿರಿ.

ಸರಿ, ‘ಹಂಚು’? ನನ್ನ ಕಿವಿಗೆ ಹಂಚು ಎಂದರೆ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಆ ಪದ ಮಾಡಿನ ಮೇಲೇ ಕೂತುಬಿಟ್ಟಿದೆ. ‘ಲೋಹದ ಹಂಚು’ ಎಂದರೆ ಓದುವವರು ತಲೆ ಎತ್ತಿ ಮೇಲೆ ನೋಡುತ್ತಾರೆ, ಗೋಡೆ ಕಡೆ ಅಲ್ಲ. ಉತ್ತರ ಕರ್ನಾಟಕದಲ್ಲಿ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು ಬೇರೆ ಇದೆ. ಅಲ್ಲಿಯವರಿಗೆ ‘ಒಲೆ ಹಿಂದೆ ಹಂಚು ಅಂಟಿಸಿ’ ಎಂದು ಹೇಳಿ ನೋಡಿ!

‘ರೇಕು’ ಚೆನ್ನಾಗಿದೆ. ತಿರುಮಲೆಯ ಅನ್ನಮಯ್ಯನ ಕೀರ್ತನೆಗಳ ತಾಮ್ರದ ಹಲಗೆಗಳನ್ನು ತೆಲುಗಿನವರು ರೇಕು ಎಂದೇ ಕರೆಯುತ್ತಾರೆ. ಆದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತಾಗುವ ಪದವಲ್ಲ.

ಹಾಗಾಗಿ ನನ್ನ ಮನಸ್ಸು ‘ಬಿಲ್ಲೆ’ ಕಡೆ ವಾಲಿದೆ. ತಗಡು ವಸ್ತು, ಬಿಲ್ಲೆ ಅದರ ಒಂದು ತುಂಡು. ತಾಮ್ರದ ಬಿಲ್ಲೆ, ಹಿತ್ತಾಳೆ ಬಿಲ್ಲೆ. ಹತ್ತು ಬಿಲ್ಲೆ ಎಂದು ಎಣಿಸಲೂ ಬರುತ್ತದೆ. ಬಿಲ್ಲೆ ದುಂಡಗಿರಬೇಕಲ್ವಾ ಎಂದು ಮನೆಯಲ್ಲೇ ಆಕ್ಷೇಪ ಬಂತು. ಜಡೆಬಿಲ್ಲೆ ದುಂಡಗೆ, ಒಪ್ಪಿದೆ. ಆದರೆ ಸೋಪಿನ ಬಿಲ್ಲೆ? ಕರ್ಪೂರದ ಬಿಲ್ಲೆ? ಚೌಕದ ಕರ್ಪೂರವನ್ನೂ ಬಿಲ್ಲೆ ಅಂತಲೇ ಕೇಳಿ ತರುತ್ತೇವೆ. ಇನ್ನು ಕುಂಟೆಬಿಲ್ಲೆ ಆಡುವಾಗ ನಮ್ಮ ಕೈಯಲ್ಲಿ ಇರುತ್ತಿದ್ದ ಬಿಲ್ಲೆ ಯಾವುದು? ಒಡೆದ ಹಂಚಿನ ಚೂರು! ಹಂಚನ್ನೇ ಬಿಲ್ಲೆ ಮಾಡಿಕೊಂಡವರು ನಾವು. ಟೈಲ್ಸಿಗೆ ಆ ಪದ ಕೊಡಲು ಹಿಂಜರಿಕೆ ಯಾಕೆ?

ಟೈಲ್ಸ್ ಅಂತಲೇ ಬಿಟ್ಟರಾಯಿತು ಎನ್ನುವವರಿಗೂ ನನ್ನ ತಕರಾರಿಲ್ಲ. ‘ಒಂದು ಟೈಲ್ಸ್ ಒಡೆದಿದೆ’ ಎನ್ನುವಷ್ಟು ಅದು ಕನ್ನಡದ್ದಾಗಿದೆ. ಇಂಗ್ಲಿಷಿನ ಬಹುವಚನ ನಮ್ಮಲ್ಲಿ ಏಕವಚನವಾಗಿ, ಮತ್ತೆ ‘ಟೈಲ್ಸ್‌ಗಳು’ ಎಂದು ಬಹುವಚನವೂ ಆಗುತ್ತದೆ. ಮಾಹಿತಿ ಹಾಳೆಯ ತಲೆಬರಹಕ್ಕೆ ಟೈಲ್ಸ್, ಒಳಗೆ ಬಿಲ್ಲೆ ಎಂದು ಸದ್ಯಕ್ಕೆ ಇಟ್ಟಿದ್ದೇನೆ.

ನಿಜವಾಗಿ ಕಷ್ಟ ಕೊಡುತ್ತಿರುವುದು ಇನ್ನೊಂದು. ಮನೆಯೊಳಗೆ ಇಟ್ಟ ತಾಮ್ರ ಗಾಳಿ ತಾಗಿ ಮೆಲ್ಲಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹೊರಗೆ ಮಳೆಯಲ್ಲಿ ವರ್ಷಗಟ್ಟಲೆ ಇದ್ದರೆ ಹಸಿರಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಪ್ಯಾಟಿನಾ’ ಎಂಬ ಹೆಸರು, ಹೊಗಳಿಕೆಯ ಮಾತು. ಬೇಕೆಂದೇ ಹಾಗೆ ಮಾಡಿಸಿದ ಬಿಲ್ಲೆಗೆ ಬೆಲೆ ಜಾಸ್ತಿ. ನಮ್ಮಲ್ಲಿ ಇರುವುದು ‘ಕಿಲುಬು’. ಕಬ್ಬಿಣಕ್ಕೆ ತುಕ್ಕು, ತಾಮ್ರ-ಹಿತ್ತಾಳೆಗೆ ಕಿಲುಬು ಎಂದು ಭೇದ ಮಾಡುವಷ್ಟು ನಮ್ಮ ಅಡುಗೆಮನೆ ಚುರುಕು. ಆದರೆ ಕಿಲುಬು ಕಂಡ ಕೂಡಲೇ ಅಜ್ಜಿಯ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ‘ಕಿಲುಬು ಹಿಡಿದ ಸುಂದರ ಗೋಡೆ’ ಎಂದು ಬರೆದರೆ ಒಂದು ಬಿಲ್ಲೆಯೂ ಮಾರಾಟವಾಗುವುದಿಲ್ಲ. ‘ಮಾಗಿದ ತಾಮ್ರ’ ಎಂದರೆ ಹೇಗೆ? ಹಣ್ಣು ಮಾಗುತ್ತದೆ, ಮನುಷ್ಯ ಮಾಗುತ್ತಾನೆ, ಲೋಹ ಮಾಗಬಾರದೇ? ಮನೆಯವರು ಇದಕ್ಕೆ ನಕ್ಕರು. ನನಗೇನೋ ಇಷ್ಟವಾಗಿದೆ.

ಇಲ್ಲಿ ಬೀದರಿನ ಕಡೆಯವರು ಇದ್ದಾರಾ? ಬಿದರಿ ಕೆಲಸದಲ್ಲಿ ಸತು-ತಾಮ್ರದ ಬೆರಕೆಗೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಬಳಸಿ ಬೇಕೆಂದೇ ಕಪ್ಪು ಮಾಡುತ್ತಾರೆ. ಅಲ್ಲಿ ಬಣ್ಣ ಬದಲಾಗುವುದೇ ಚೆಲುವು. ಆ ಕಪ್ಪಿಗೆ, ಕಪ್ಪು ಮಾಡುವ ಆ ಕೆಲಸಕ್ಕೆ, ಕೆಲಸದವರ ಬಾಯಲ್ಲಿ ಏನು ಹೆಸರು? ನಾಗಮಂಗಲದ ಕಂಚುಗಾರರು ಚೌಕ ಕತ್ತರಿಸಿದ ಹಿತ್ತಾಳೆ ತುಂಡಿಗೆ ಏನೆನ್ನುತ್ತಾರೆ? ನಿಘಂಟು ನೋಡಿ ಹೇಳುವುದು ಬೇಡ, ಕಿವಿಯಾರೆ ಕೇಳಿದ್ದನ್ನು ಬರೆಯಿರಿ. ಮಾಹಿತಿ ಹಾಳೆ ಅಚ್ಚಿಗೆ ಹೋಗಲು ಇನ್ನೂ ಒಂದು ವಾರ ಇದೆ.