ಪೋಸ್ಟ್‌ಫಿಕ್ಸ್: ರೇಟ್ ಲಿಮಿಟ್ ಹಾಕಿದ್ರೂ ಕೆಲಸ ಮಾಡ್ತಿಲ್ಲ

ಪ್ರಶ್ನೆ:
ನಮಸ್ಕಾರ. ಆಫೀಸಲ್ಲಿ 40 ಪಿಸಿ, ಒಂದೇ ಪಬ್ಲಿಕ್ ಐಪಿ, ಡೆಬಿಯನ್ ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್ ಮೇಲ್ ಸರ್ವರ್. ಸೋಮವಾರ ಬಂದು ನೋಡಿದ್ರೆ ಕ್ಯೂನಲ್ಲಿ (ಹೊರಗೆ ಹೋಗೋಕೆ ಕಾಯ್ತಿರೋ ಸಾಲಲ್ಲಿ) 14,000 ಮೇಲ್, ನಮ್ಮ ಐಪಿ ಸ್ಪ್ಯಾಮ್ ಕಳಿಸೋರ ಸ್ಪ್ಯಾಮ್‌ಹೌಸ್ ಬ್ಲಾಕ್ ಪಟ್ಟಿಯಲ್ಲಿ. ಅಕೌಂಟ್ಸ್‌ನ ಒಂದು ಪಿಸಿಗೆ ವೈರಸ್ ಹತ್ತಿತ್ತು, ಕೇಬಲ್ ಕಿತ್ತೆ. ಇನ್ಮೇಲೆ ಹೀಗಾಗಬಾರದು ಅಂತ 'ಎಸ್‌ಎಂಟಿಪಿಡಿ_ಕ್ಲೈಂಟ್_ಮೆಸೇಜ್_ರೇಟ್_ಲಿಮಿಟ್ = 20' (ಒಂದು ಐಪಿಯಿಂದ ನಿಮಿಷಕ್ಕೆ 20 ಮೇಲ್ ಮಾತ್ರ) ಹಾಕಿ ರೀಲೋಡ್ ಮಾಡಿದೆ. ನನ್ನ ಲ್ಯಾಪ್‌ಟಾಪಿಂದ ಒಂದೇ ನಿಮಿಷದಲ್ಲಿ 100 ಟೆಸ್ಟ್ ಮೇಲ್ ಬಿಟ್ಟೆ, ನೂರೂ ಹೋದವು!

ಉತ್ತರ:
ಮೈನೆಟ್‌ವರ್ಕ್ಸ್ ಸಾಲಲ್ಲಿ, ಅಂದ್ರೆ ಪಾಸ್‌ವರ್ಡ್ ಇಲ್ದೇ ಮೇಲ್ ಕಳಿಸೋಕೆ ಬಿಟ್ಟಿರೋ ಐಪಿಗಳ ಪಟ್ಟಿಯಲ್ಲಿ, ಏನಿದೆ ಸಾರ್?

ಪ್ರಶ್ನೆ:
127.0.0.0/8 (ಲೋಕಲ್‌ಹೋಸ್ಟ್, ಅಂದ್ರೆ ಸರ್ವರ್ ತಾನೇ) ಮತ್ತು 192.168.1.0/24 (ಆಫೀಸಿನ ಇಡೀ ನೆಟ್‌ವರ್ಕ್). ಪ್ರಿಂಟರ್‌ನಿಂದ ಸ್ಕ್ಯಾನ್ ಮೇಲ್ ಹೋಗ್ಲಿ ಅಂತ ಹಿಂದೆ ಇದ್ದವರು ಹಾಕಿದ್ದು.

ಉತ್ತರ:
ಅಲ್ಲೇ ಇರೋದು. ಆ ಲಿಮಿಟ್‌ಗೆ ವಿನಾಯಿತಿ ಪಟ್ಟಿ ಅಂತ ಇನ್ನೊಂದು ಸೆಟ್ಟಿಂಗ್ ಇದೆ, 'ಎಸ್‌ಎಂಟಿಪಿಡಿ_ಕ್ಲೈಂಟ್_ಇವೆಂಟ್_ಲಿಮಿಟ್_ಎಕ್ಸೆಪ್ಷನ್ಸ್'. ಡೀಫಾಲ್ಟ್ ಆಗಿ ಅದರಲ್ಲಿರೋದು ಮೈನೆಟ್‌ವರ್ಕ್ಸೇ. ಅಂದ್ರೆ ಮನೆಯವರನ್ನ ಕಾವಲುಗಾರ ಎಣಿಸೋದೇ ಇಲ್ಲ. ನಿಮ್ಮಲ್ಲಿ ಕಳ್ಳ ಮನೆಯೊಳಗೇ ಇದ್ದ. ಪಾಸ್‌ವರ್ಡನ್ನೂ ಕೇಳಿಲ್ಲ ಅವನ್ನ.

ಮೈನೆಟ್‌ವರ್ಕ್ಸ್‌ನಲ್ಲಿ ಲೋಕಲ್‌ಹೋಸ್ಟ್ ಮತ್ತು ಪ್ರಿಂಟರ್‌ನ ಒಂದು ಐಪಿ ಮಾತ್ರ ಉಳಿಸಿ. ಮಿಕ್ಕವರೆಲ್ಲ 587 ಪೋರ್ಟ್‌ನಲ್ಲಿ ಪಾಸ್‌ವರ್ಡ್ ಕೊಟ್ಟೇ ಕಳಿಸ್ಲಿ. ಔಟ್‌ಲುಕ್‌ನಲ್ಲಿ ಸೇವ್ ಆದ ಪಾಸ್‌ವರ್ಡನ್ನ ವೈರಸ್ ಕದಿಯಬಹುದು, ಆಗ ಕೈಹಿಡಿಯೋದು ಈ ರೇಟ್ ಲಿಮಿಟ್ಟೇ. ಮೀರಿದವರಿಗೆ 450 ಎರರ್ (ಈಗ ಬೇಡ, ಆಮೇಲೆ ಕಳಿಸಿ ಅಂತ) ಬರುತ್ತೆ. ಎಚ್‌ಆರ್‌ನವರು ಸ್ಯಾಲರಿ ಸ್ಲಿಪ್ ಒಟ್ಟಿಗೆ ಕಳಿಸೋ ದಿನ ನಿಮಗೆ ಫೋನ್ ಬಂದೇ ಬರುತ್ತೆ, ಆ ಪಿಸಿಗೆ ಏನು ಮಾಡ್ಬೇಕು ಅಂತ ಈಗಲೇ ಯೋಚಿಸಿ.

ಕ್ಯೂ ಪೂರ್ತಿ ಅಳಿಸೋಕೆ ಹೋಗ್ಬೇಡಿ, ಅಸಲಿ ಮೇಲೂ ಅದರಲ್ಲೇ ಇರುತ್ತೆ. ಕಳಿಸಿದವರ ವಿಳಾಸ ನಂಬೋ ಹಾಗಿಲ್ಲ, ಎಲ್ಲ ಖೋಟಾ. ಲಾಗ್‌ನಲ್ಲಿ ಆ ಪಿಸಿಯ ಐಪಿ ಹಿಡಿದು, ಅದರ ಕ್ಯೂ ಐಡಿಗಳನ್ನ ಮಾತ್ರ ಪೋಸ್ಟ್‌ಸೂಪರ್ ಕಮಾಂಡ್‌ಗೆ ಕೊಟ್ಟು ಅಳಿಸಿ.

ಇದಿಷ್ಟೇ ಸಾಲದು. ಬಹಳಷ್ಟು ವೈರಸ್‌ಗಳು ನಿಮ್ಮ ಸರ್ವರ್ ಮುಟ್ಟೋದೇ ಇಲ್ಲ, ನೇರ ಹೊರಗಿನ ಮೇಲ್ ಸರ್ವರ್‌ಗಳ ಪೋರ್ಟ್ 25ಕ್ಕೆ (ಅವು ಮೇಲ್ ತಗೊಳ್ಳೋ ಬಾಗಿಲಿಗೆ) ಹೋಗ್ತವೆ. ಮೇಲ್ ಲಾಗ್‌ನಲ್ಲಿ ಒಂದಕ್ಷರ ಇರಲ್ಲ, ಆದ್ರೂ ಬ್ಲಾಕ್ ಆಗೋದು ನಿಮ್ಮ ಐಪಿ. ಫೈರ್‌ವಾಲ್‌ನಲ್ಲಿ ಮೇಲ್ ಸರ್ವರ್ ಬಿಟ್ಟು ಬೇರೆ ಯಾರೂ 25ಕ್ಕೆ ಹೋಗದ ಹಾಗೆ ಮಾಡಿ, ಡ್ರಾಪ್ (ತಡೆಯೋ) ರೂಲ್‌ಗೆ ಮುಂಚೆ ಲಾಗ್ ರೂಲ್ ಹಾಕಿ, ಯಾವ ಪಿಸಿ ಅಂತ ಗೊತ್ತಾಗುತ್ತೆ. ಸ್ಪ್ಯಾಮ್‌ಹೌಸ್‌ಗೆ ತೆಗೀರಿ ಅಂತ ಕೇಳೋದು ಆಮೇಲೆ. ಮೊದಲೇ ಕೇಳಿದ್ರೆ ಮತ್ತೆ ಪಟ್ಟಿ ಸೇರ್ತೀರ.

ಪ್ರಶ್ನೆ:
ಆಯ್ತು ಸಾರ್, 21ನೇ ಮೇಲ್‌ಗೆ 450 ಬಂತು! ಫೈರ್‌ವಾಲ್ ಲಾಗ್ ಹಾಕಿ ಹತ್ತು ನಿಮಿಷಕ್ಕೆ ಇನ್ನೊಂದು ಐಪಿ 25ನ್ನ ಬಡೀತಾ ಇರೋದು ಕಾಣಿಸ್ತು. ಹುಡುಕಿದ್ರೆ ಗೇಟ್ ಹತ್ತಿರದ ಅಟೆಂಡೆನ್ಸ್ ಪಿಸಿ. ವಿಂಡೋಸ್ 7, ಅಪ್‌ಡೇಟ್ ಯಾವತ್ತೂ ಮಾಡಿಲ್ಲ. ಅದರದ್ದೂ ಕೇಬಲ್ ಕಿತ್ತಿದೀನಿ, ಇವತ್ತು ಎಲ್ಲರದ್ದೂ ರಿಜಿಸ್ಟರ್‌ನಲ್ಲಿ ಸಹಿ.